ಸ್ವಲ್ಪ ಅಂದರೆ ಎಷ್ಟು

ನೆವಿಲ್ ಟಿಪೆಟ್ ತನ್ನ ಅರವತ್ತೇಳು ವರ್ಷದಲ್ಲಿ ಸುಳ್ಳು ಹೇಳಿದ್ದು ಬಹಳ ಕಡಿಮೆ. ಮಲೆಟ್ ಬೇಯಲ್ಲಿ ಅವನ ಮಾನ ಮೂರು ಕಾಸಿಗೆ ಹರಾಜಾಗುವ ಹಂತಕ್ಕೆ ಬಂದದ್ದೂ ಸುಳ್ಳು ಹೇಳಿದ್ದರಿಂದಲ್ಲ, ಒಂದು ಸಂಜೆ ಐದು ಗಂಟೆಗೆ ನಿಜ ಹೇಳಿದ್ದರಿಂದ. ಆದರೆ ಆ ನಿಜವನ್ನು ಅವನು ಮಡಚುವ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಬಿಯರ್ ಕ್ಯಾನನ್ನು ಹೊಟ್ಟೆಯ ಮೇಲೆ ಕೂರಿಸಿಕೊಂಡು, ಕಣ್ಣು ಕಿರಿದು ಮಾಡಿ ಸಮುದ್ರ ನೋಡುತ್ತ ಹೇಳಿದ. ತಪ್ಪು ಎಲ್ಲಾದರೂ ಇದ್ದರೆ ಆ ಒರಗಿದ್ದರಲ್ಲಿದೆ.

ಅವನೂ ಅವನ ಹೆಂಡತಿ ಗ್ಲೆನಿಸ್‌ಳೂ ದಕ್ಷಿಣದ ಬ್ಯಾಲರಾಟ್‌ನವರು. ಅಲ್ಲಿ ಜೂನ್ ತಿಂಗಳು ಬಂತೆಂದರೆ ಕೊರೆಯುವ ಚಳಿಗಾಲ, ನಲ್ಲಿಯ ನೀರು ಮುಟ್ಟಲು ಧೈರ್ಯ ಬೇಕು. ನಿವೃತ್ತಿಯಾದ ಮೇಲೆ ಎಲ್ಲರೂ ಮಾಡುವಂತೆ ಇವರೂ ಚಕ್ರದ ಮೇಲಿನ ಮನೆಯಂಥ ಒಂದು ಕ್ಯಾರವಾನ್ ಕೊಂಡು, ಕಾರಿನ ಹಿಂದೆ ಕಟ್ಟಿಕೊಂಡು, ಬಿಸಿಲು ಹುಡುಕುತ್ತ ಉತ್ತರಕ್ಕೆ ಹೊರಟರು. ಹನ್ನೊಂದು ವಾರ ಕಳೆದು, ಕಬ್ಬಿನ ಗದ್ದೆಗಳನ್ನೆಲ್ಲ ದಾಟಿ, ನಮ್ಮ ಕಡಲತೀರದ ಊರು ಮಲೆಟ್ ಬೇ ತಲುಪುವ ಹೊತ್ತಿಗೆ ನೆವಿಲ್ ಮೂರು ಸಾವಿರ ಕಿಲೋಮೀಟರ್ ಮುಂದಕ್ಕೆ ಬಂದಿದ್ದ. ಹಿಂದಕ್ಕೆ ಮಾತ್ರ ಒಂದು ಗೇಣೂ ಹೋಗಿರಲಿಲ್ಲ.

ಏಕೆಂದರೆ ಅವನಿಗೆ ಕ್ಯಾರವಾನ್ ರಿವರ್ಸ್ ತೆಗೆಯಲು ಬರುತ್ತಿರಲಿಲ್ಲ. ಸ್ಟೇರಿಂಗ್ ಬಲಕ್ಕೆ ತಿರುಗಿಸಿದರೆ ಹಿಂದಿನ ಗಾಡಿ ಎಡಕ್ಕೆ ಹೋಗುತ್ತದೆ ಎಂಬ ವಿಷಯ ಅವನಿಗೆ ವೈಯಕ್ತಿಕ ಅವಮಾನದಂತೆ ಕಾಣುತ್ತಿತ್ತು. ಆದ್ದರಿಂದ ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆಯಿಂದ ಹೊರಡಬಹುದಾದ ಪೆಟ್ರೋಲ್ ಬಂಕು, ಅಂಥದೇ ಕ್ಯಾರವಾನ್ ಪಾರ್ಕು, ಅಂಥದೇ ಬೇಕರಿ ಮಾತ್ರ ಅವನ ನಕ್ಷೆಯಲ್ಲಿದ್ದವು. ಒಮ್ಮೆ ಜಲಪಾತ ನೋಡಲು ಹೋಗಿ, ರಸ್ತೆ ಒಬ್ಬ ರೈತನ ಗೇಟಿನಲ್ಲಿ ಮುಗಿದುಬಿಟ್ಟಿತು. ನೆವಿಲ್ ಇಳಿದು ಗೇಟು ತೆರೆದು, ಮೂವತ್ತು ಹಸುಗಳ ನಡುವೆ ಇಡೀ ಹೊಲ ಸುತ್ತಿ, ಆ ರೈತನಿಗೆ ಕೈ ಬೀಸಿ, ಅವನಿಂದ ಎರಡು ಬಾಟಲಿ ಜೇನುತುಪ್ಪ ಕೊಂಡು, ಬಂದ ದಾರಿಯಲ್ಲೇ ಹೊರಬಿದ್ದ. ಜೇನುತುಪ್ಪಕ್ಕಾಗಿಯೇ ಬಂದವನಂತೆ ನಡೆದುಕೊಂಡ.

ಅವತ್ತು ಗ್ಲೆನಿಸ್ ಪಕ್ಕದ ಸೀಟಿನಲ್ಲಿ ಪದಬಂಧ ಬಿಡಿಸುತ್ತ, ತಲೆ ಎತ್ತದೆ, "ಅಪ್ಪನ ಹೊಲದಲ್ಲಿ ನಾನು ಟ್ರೇಲರ್ ಸ್ವಲ್ಪ ರಿವರ್ಸ್ ತೆಗೀತಿದ್ದೆ ನೆವ್. ಬೇಕಾದ್ರೆ ನೋಡ್ಲಾ?" ಅಂದಿದ್ದಳು.

ನೆವಿಲ್ ಪ್ರೀತಿಯಿಂದಲೇ ನಕ್ಕ. ಇದು ಕೋಳಿಗೂಡು ಸಾಗಿಸುವ ಗಾಡಿಯಲ್ಲ, ಆರೂವರೆ ಮೀಟರಿನ ಕ್ಯಾರವಾನ್ ಎಂದು ತಿಳಿಸಿಹೇಳಿದ. ಗ್ಲೆನಿಸ್ ಪದಬಂಧಕ್ಕೆ ವಾಪಸ್ಸಾದಳು.

ಮಲೆಟ್ ಬೇಯಲ್ಲಿ ಅವರು ಇಳಿದದ್ದು ಎರಡೇ ದಿನದ ಮಟ್ಟಿಗೆ. ಕ್ಯಾರವಾನ್‌ಗಳು ತಂಗುವ ಪಾರ್ಕ್ ನೋಡಿಕೊಳ್ಳುವ ಡೆಸ್ಲಿ ಅವರಿಗೆ ಹೊಕ್ಕು ಹೊರಡುವ ಸಾಲಿನಲ್ಲಿ ಜಾಗ ಕೊಟ್ಟಳು. ಡೆಸ್ಲಿ ಯಾರನ್ನೇ ಆಗಲಿ 'ಬಂಗಾರ' ಎಂದೇ ಕರೆಯುವ ಹೆಂಗಸು. ಬಾಡಿಗೆ ಕೊಡದವರನ್ನು ಓಡಿಸುವಾಗಲೂ ಬಂಗಾರ ಎಂದೇ ಓಡಿಸುತ್ತಾಳೆ. ಆ ಸಾಲಿನಲ್ಲಿ ಎರಡು ದಿನಕ್ಕಿಂತ ಹೆಚ್ಚು ಇರುವಂತಿಲ್ಲ, ಅದು ದಾರಿಹೋಕರಿಗೆ, ಎಂದು ಮೊದಲೇ ಹೇಳಿದಳು.

ಮಾರನೆಯ ಬೆಳಗ್ಗೆ ಒಂದು ಆಶ್ಚರ್ಯ ನಡೆಯಿತು. ಬ್ಯಾಲರಾಟ್‌ನ ಚಳಿಗಾಲದಲ್ಲಿ ಮೊಣಕಾಲು ಹಿಡಿದುಕೊಂಡು ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯುವ ಗ್ಲೆನಿಸ್, ಸಮುದ್ರದ ಕಟ್ಟೆಯ ತುದಿಯವರೆಗೆ ನಡೆದು, ಯಾವ ಬೆಂಚಿನಲ್ಲೂ ಕೂರದೆ, ಏನೋ ಗುನುಗುತ್ತ ವಾಪಸ್ಸು ಬಂದಳು. ಬಂದವಳು ಏಳನೇ ನಂಬರಿನ ಜಾಗದ ಮುಂದೆ ನಿಂತುಬಿಟ್ಟಳು. ಎರಡು ತೆಂಗಿನ ಮರ, ನಡುವೆ ಹುಲ್ಲು, ಹುಲ್ಲು ಮುಗಿದಲ್ಲಿ ಮರಳು, ಆಮೇಲೆ ಬರೀ ಸಮುದ್ರ. ಹತ್ತೊಂಬತ್ತು ವರ್ಷದಿಂದ ಪ್ರತಿ ಚಳಿಗಾಲ ಅಲ್ಲಿರುತ್ತಿದ್ದ ಮುದುಕಪ್ಪ ಈ ಸಲ ಮಗಳ ಮನೆಗೆ ಹೋಗಿದ್ದರಿಂದ ಜಾಗ ಖಾಲಿಯಿತ್ತು.

"ಚಳಿ ಮುಗಿಯೋವರೆಗೂ ಇಲ್ಲೇ ಇದ್ದುಬಿಡೋಣ ನೆವ್," ಅಂದಳು ಗ್ಲೆನಿಸ್.

ಹನ್ನೊಂದು ವಾರದಲ್ಲಿ ಅವಳು ತನಗಾಗಿ ಬಾಯಿ ಬಿಟ್ಟು ಕೇಳಿದ್ದು ಇದೊಂದೇ. ನೆವಿಲ್ ಆ ಜಾಗವನ್ನು ನೋಡಿದ. ಎಡಕ್ಕೆ ತೆಂಗು, ಬಲಕ್ಕೆ ತೆಂಗು, ಮೂಲೆಯಲ್ಲಿ ಬಚ್ಚಲುಮನೆಯ ಗೋಡೆ. ಕ್ಯಾರವಾನ್ ಒಳಗೆ ಹೋಗಬೇಕಾದರೆ ಹಿಂದಕ್ಕೇ ಹೋಗಬೇಕು. ಹೋದ ವರ್ಷ ಯಾರೋ ಪಕ್ಕದ ಜಾಗಕ್ಕೆ ಹಾಗೆ ಹೋಗಲು ನೋಡಿ ನಲ್ಲಿ ಕಿತ್ತು, ಇಡೀ ಪಾರ್ಕಿಗೆ ಎರಡು ದಿನ ನೀರಿಲ್ಲದಂತೆ ಮಾಡಿದ್ದ. ಅಂದಿನಿಂದ ಏಳನೇ ನಂಬರು ರಿವರ್ಸ್ ಬರುವವರಿಗೆ ಮಾತ್ರ ಎಂದು ಡೆಸ್ಲಿ ಶಾಸನ ಮಾಡಿಟ್ಟಿದ್ದಳು. ತೆಂಗಿನಕಾಯಿ ತಲೆಯ ಮೇಲೆ ಬೀಳಬಹುದು ಎಂದ ನೆವಿಲ್. ಗ್ಲೆನಿಸ್ ಮೇಲೆ ನೋಡಿದಳು. ಕಾಯಿಗಳನ್ನೆಲ್ಲ ಕೆಡವಿಯಾಗಿತ್ತು.

ಅವತ್ತೇ ಸಂಜೆ ಆ ಐದು ಗಂಟೆ ಬಂದದ್ದು. ಐದು ಗಂಟೆಗೆ ಪಾರ್ಕಿನವರೆಲ್ಲ ತಂತಮ್ಮ ಕುರ್ಚಿ, ತಂತಮ್ಮ ಕ್ಯಾನು, ಒಂದೊಂದು ತಟ್ಟೆ ಚೀಸ್ ಬಿಸ್ಕತ್ತು ಹಿಡಿದು ದುಂಡಗೆ ಕೂತು, ಆ ದಿನ ಹೊಸದಾಗಿ ಬಂದವರು ಕ್ಯಾರವಾನ್ ಹೇಗೆ ರಿವರ್ಸ್ ತೆಗೆದರು ಎಂದು ವಿಮರ್ಶೆ ಮಾಡುವುದು ಪದ್ಧತಿ. ವಿಮರ್ಶಕರ ಅಧ್ಯಕ್ಷ ಮರ್ವ್. ಮೊಣಕಾಲಿನವರೆಗೆ ಸಾಕ್ಸ್ ಎಳೆದು ಚಡ್ಡಿ ಹಾಕುವ, ತನಗೆ ಗೊತ್ತಿಲ್ಲದ ವಿಷಯದಲ್ಲಿ ಇನ್ನೂ ಜೋರಾಗಿ ಮಾತಾಡುವ ಮನುಷ್ಯ. ಅವನು ಸುತ್ತು ಬಂದು ನೆವಿಲ್‌ನನ್ನು ಕೇಳಿದ: "ನೀನೇನ್ ಮಾಡ್ತಿದ್ದೆ ಮಾರಾಯ, ಕೆಲಸದಲ್ಲಿದ್ದಾಗ?"

ನೆವಿಲ್ ಮೂವತ್ತೊಂದು ವರ್ಷ ರಸ್ತೆ ಇಲಾಖೆಯ ಕಚೇರಿಯಲ್ಲಿ ಕೂತಿದ್ದ. ಒಂದರ ಹಿಂದೊಂದು ಮೂರು ಟ್ರೇಲರ್ ಕಟ್ಟಿಕೊಂಡು ಒಳನಾಡಿನಲ್ಲಿ ಓಡುವ ಲಾರಿಗಳಿವೆಯಲ್ಲ, ನಾವು ರೋಡ್ ಟ್ರೇನ್ ಅನ್ನುವುದು, ಅವುಗಳ ಪರ್ಮಿಟ್ಟಿಗೆ ಠಸ್ಸೆ ಒತ್ತುವುದು ಅವನ ಕೆಲಸ. ಹಾಗೆಂದೇ ಹೇಳಬಹುದಿತ್ತು. ಆದರೆ ಆ ಸಂಜೆ ಗಾಳಿ ಚೆನ್ನಾಗಿತ್ತು, ಬಿಯರ್ ತಣ್ಣಗಿತ್ತು. ನೆವಿಲ್ ಒರಗಿದ.

"ರೋಡ್ ಟ್ರೇನ್ ಜೊತೆ ಸ್ವಲ್ಪ ಒಡನಾಟ ಇತ್ತು," ಅಂದ.

ನಮ್ಮವರ 'ಸ್ವಲ್ಪ'ಕ್ಕೆ ಬೇರೆಯೇ ತೂಕ. ಚಂಡಮಾರುತಕ್ಕೆ ಮನೆಯ ಮಾಡು ಹಾರಿ ಪಕ್ಕದೂರಿನ ಕಬ್ಬಿನ ಗದ್ದೆಗೆ ಬಿದ್ದರೆ ನಾವು 'ಸ್ವಲ್ಪ ಗಾಳಿ ಇತ್ತು' ಅನ್ನುತ್ತೇವೆ. ಮೊಸಳೆಯ ಬಾಯಿಂದ ಕಾಲು ಬಿಡಿಸಿಕೊಂಡು ಬಂದವನು ಆಸ್ಪತ್ರೆಯಲ್ಲಿ 'ಸ್ವಲ್ಪ ತರಚಿತು' ಅನ್ನುತ್ತಾನೆ. ಇಲ್ಲಿ ಯಾರಾದರೂ 'ನನಗೆ ಚೆನ್ನಾಗಿ ಬರುತ್ತೆ' ಅಂದರೆ ಅವನನ್ನು ಗಾಡಿಯ ಹತ್ತಿರ ಸುಳಿಯಲು ಬಿಡುವುದಿಲ್ಲ. 'ಸ್ವಲ್ಪ ಬರುತ್ತೆ' ಅಂದವನಿಗೆ ಕುರ್ಚಿ ಬಿಟ್ಟುಕೊಡುತ್ತೇವೆ. 'ಏನೂ ಬರಲ್ಲ' ಅಂದುಬಿಟ್ಟರಂತೂ ಅವನ ಹೆಸರಿನಲ್ಲಿ ಎಲ್ಲೋ ಒಂದು ರಸ್ತೆ ಇರಬೇಕು ಎಂದೇ ಲೆಕ್ಕ. ನೆವಿಲ್ ಇದೇ ದೇಶದಲ್ಲಿ ಹುಟ್ಟಿದವನು. ಅವನಿಗೆ ಇದೆಲ್ಲ ಗೊತ್ತಿತ್ತು.

ಮರ್ವ್ ಸಾಕ್ಸ್ ಎಳೆದುಕೊಂಡ. ಎಷ್ಟು ಟ್ರೇಲರ್ ಎಂದು ಯಾರೋ ಕೇಳಿದರು. ಸಾಮಾನ್ಯವಾಗಿ ಮೂರು ಎಂದ ನೆವಿಲ್, ಅದೂ ನಿಜವೇ. ಡೆಸ್ಲಿ ಬಿಸ್ಕತ್ತಿನ ತಟ್ಟೆಯನ್ನು ತಂದು ಅವನ ತೊಡೆಯ ಮೇಲೇ ಇಟ್ಟು, ಏಳನೇ ನಂಬರು ಇನ್ನು ನಿನ್ನದೇ ಬಂಗಾರ, ನಾಳೆ ನಾಡಿದ್ದರಲ್ಲಿ ಹಿಂದಕ್ಕೆ ಹಾಕಿಕೊಂಡುಬಿಡು, ಚಳಿಗಾಲ ಪೂರ್ತಿ ಇರು, ನಮಗೂ ನೋಡಿ ಕಲಿಯಲು ಸಿಗುತ್ತದೆ ಅಂದಳು. ಗ್ಲೆನಿಸ್‌ಳ ಮುಖ ಅರಳಿತು. ಅದನ್ನು ನೋಡಿ ನೆವಿಲ್ ಕೈಯಲ್ಲಿದ್ದ ಬಿಸ್ಕತ್ತನ್ನು ತಟ್ಟೆಗೆ ವಾಪಸ್ಸು ಇಟ್ಟ.

ಕ್ಯಾರವಾನಿಗೆ ಮರಳಿದ ಮೇಲೆ ಗ್ಲೆನಿಸ್ ಮೆಲ್ಲಗೆ, ತಾನೇ ಹಾಕಿ ನೋಡಲೇ ಎಂದು ಇನ್ನೊಮ್ಮೆ ಕೇಳಿದಳು. ನೆವಿಲ್ ಕಿಟಕಿಯ ಪರದೆ ಎಳೆದು, "ಜನ ನೋಡ್ತಾರೆ, ಗ್ಲೆನಿಸ್," ಅಂದ. ಅವಳು ಆಗಲಿ ಎಂದು ಕನ್ನಡಕ ತೆಗೆದಿಟ್ಟಳು.

ಮಾರನೆಯ ದಿನ ಮಧ್ಯಾಹ್ನ ನೆವಿಲ್ ಊಟದ ಮೇಜಿನ ಮೇಲೆ ಬೆಣ್ಣೆ ಸವರುವ ಚಾಕುವಿನ ಹಿಂದೆ ದಾರದಿಂದ ಒಂದು ಚಮಚ ಕಟ್ಟಿಕೊಂಡು, ಉಪ್ಪಿನ ಡಬ್ಬಿ ಮೆಣಸಿನ ಡಬ್ಬಿಗಳ ನಡುವೆ ಹಿಂದಕ್ಕೆ ತಳ್ಳುತ್ತ ಅಭ್ಯಾಸ ಮಾಡುತ್ತಿದ್ದ. ಚಮಚ ಪ್ರತಿ ಸಲ ಮೆಣಸಿಗೆ ಹೊಡೆಯುತ್ತಿತ್ತು. ಆ ಹೊತ್ತಿಗೆ ಕಿಟಕಿಯಲ್ಲಿ ಮರ್ವ್‌ನ ಮುಖ ಕಾಣಿಸಿತು. ಅದು ಕ್ಷಣ ಹೊತ್ತು ಚಮಚವನ್ನು ನೋಡಿ, ದೇವಸ್ಥಾನದಲ್ಲಿ ತಪ್ಪು ಬಾಗಿಲು ತೆರೆದವನಂತೆ ಹಿಂದೆ ಸರಿಯಿತು. ನೆವಿಲ್ ಇಂಚಿಂಚೂ ಲೆಕ್ಕ ಹಾಕುತ್ತಿದ್ದಾನೆ, ನಿಜವಾದ ರೋಡ್ ಟ್ರೇನಿನವರು ಹೀಗೇ, ಎಂಬ ಸುದ್ದಿ ಸಂಜೆಯೊಳಗೆ ಬೇಕರಿ ಮುಟ್ಟಿತು. ಬೇಕರಿಯಿಂದ ಮೇಯರ್‌ಗೆ ಹೋಯಿತು.

ಮೇಯರ್ ಸಿಲ್ವಿಯೊ ಬೆರ್ಟೊಲಿಗೆ ಆ ವಾರ ನಿದ್ದೆ ಇರಲಿಲ್ಲ. ಊರಿನ ಗುರುತಾಗಿ ಒಂದು ಕಟ್ಟೆಯ ಮೇಲೆ ಕೂರುವ ದೊಡ್ಡ ಏಡಿಯ ಬೊಂಬೆ ಬಣ್ಣ ಬಳಿಸಿಕೊಳ್ಳಲು ಸಕ್ಕರೆ ಕಾರ್ಖಾನೆಗೆ ಹೋಗಿತ್ತು. ಪಕ್ಕದೂರಿಗೆ ದೊಡ್ಡ ಮಾವಿನಹಣ್ಣು, ಅದರಾಚೆಯ ಊರಿಗೆ ದೊಡ್ಡ ಅನಾನಸ್ ಇರುವಾಗ ನಮ್ಮ ಮರ್ಯಾದೆಯೆಲ್ಲ ನಿಂತಿರುವುದು ಆ ಫೈಬರ್ ಏಡಿಯ ಮೇಲೆ. ಶನಿವಾರ ಏಡಿ ಹಬ್ಬ. ಏಡಿಯನ್ನು ಲಾರಿಗೆ ಕಟ್ಟಿದ ಟ್ರೇಲರಿನಲ್ಲಿ ತಂದು, ಬೇಕರಿಗೂ ಕ್ಷೌರದಂಗಡಿಗೂ ನಡುವಿನ ಓಣಿಯಲ್ಲಿ ಹಿಂದಕ್ಕೆ ತಳ್ಳಿ ಕಟ್ಟೆಯ ಹತ್ತಿರ ನಿಲ್ಲಿಸಿದರೆ ಕ್ರೇನು ಎತ್ತಿ ಕೂರಿಸುತ್ತದೆ. ಓಣಿ ನಾಲ್ಕೂವರೆ ಮೀಟರು, ಎರಡು ಕಡೆಯ ಕೊಂಡಿ ಸೇರಿ ಏಡಿಯ ಅಗಲ ನಾಲ್ಕು. ಪ್ರತಿ ಸಲ ಆ ಕೆಲಸ ಮಾಡುವ ಡ್ರೈವರ್ ಬಿಯರ್ ಪೆಟ್ಟಿಗೆ ಎತ್ತಲು ಹೋಗಿ ಸೊಂಟ ಹಿಡಿದು ಮಲಗಿದ್ದ.

ಮೇಯರ್ ಖುದ್ದಾಗಿ ಪಾರ್ಕಿಗೆ ಬಂದ. ನೆವಿಲ್ ಆಗ ಬುದ್ಧಿ ತಂದುಕೊಂಡು, ತನಗೆ ಅದೆಲ್ಲ ಬರುವುದಿಲ್ಲ ಅಂದ. ಮೇಯರ್ ಗೌರವದಿಂದ ತಲೆದೂಗಿದ. ಜೀವನದಲ್ಲಿ ಒಂದು ಸಲವೂ ಟ್ರೇಲರ್ ಹಿಂದಕ್ಕೆ ಹಾಕಿಲ್ಲ ಅಂದ ನೆವಿಲ್. ಮೇಯರ್ ಹಿಂದೆ ನಿಂತಿದ್ದ ಮರ್ವ್‌ನ ಕಡೆ ತಿರುಗಿ ಹುಬ್ಬು ಹಾರಿಸಿದ. ಮರ್ವ್, ನಾನು ಹೇಳಲಿಲ್ಲವೇ, ಎಂಬಂತೆ ಸಾಕ್ಸ್ ಎಳೆದುಕೊಂಡ.

"ನಿಮ್ಮಂಥೋರ ಬಾಯಲ್ಲಿ ಇಂಥ ಮಾತು ಕೇಳಿದ್ರೇನೇ ಧೈರ್ಯ ಬರತ್ತೆ," ಅಂದ ಮೇಯರ್. "ಶನಿವಾರ ಹತ್ತು ಗಂಟೆಗೆ."

ಬರುವುದಿಲ್ಲವೆಂದು ಕಡ್ಡಿ ಮುರಿದಂತೆ ಹೇಳಬೇಕೆಂದು ನೆವಿಲ್ ಬಾಯಿ ತೆರೆಯುವಷ್ಟರಲ್ಲಿ ಡೆಸ್ಲಿ, ಏಡಿ ಕೂತ ಕೂಡಲೇ ಬ್ಯಾಂಡಿನವರ ಸಮೇತ ಪಾರ್ಕಿಗೆ ಬಂದು ಏಳನೇ ನಂಬರಿನಲ್ಲಿ ಅವನ ಕ್ಯಾರವಾನನ್ನೂ ಕೂರಿಸಿಬಿಡೋಣ, ಅಲ್ಲಿಯವರೆಗೆ ಈಗಿನ ಜಾಗದಲ್ಲೇ ಇರಲಿ, ನಿಯಮ ಗಿಯಮ ಆಮೇಲೆ ಎಂದು ಸಾರಿದಳು. ಇನ್ನು ಬಾಯಿ ಬಿಟ್ಟರೆ ಏಳನೇ ನಂಬರು ಹೋಯಿತು. ಅದರ ಜೊತೆ ಗ್ಲೆನಿಸ್‌ಳ ಬೆಳಗಿನ ನಡಿಗೆ, ಗುನುಗು, ಎಲ್ಲ ಹೋಗಿ ಅವಳು ಮತ್ತೆ ಬ್ಯಾಲರಾಟ್‌ನ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯಬೇಕು. ನೆವಿಲ್ ಬಾಯಿ ಮುಚ್ಚಿದ.

ಶನಿವಾರ ಹತ್ತು ಗಂಟೆಗೆ ಇಡೀ ಊರು ಬೀದಿಯಲ್ಲಿತ್ತು. ಏಡಿ ಕಿತ್ತಳೆ ಬಣ್ಣದಲ್ಲಿ ಮಿರಮಿರ ಮಿಂಚುತ್ತಿತ್ತು. ಶಾಲೆಯ ಬ್ಯಾಂಡು, ಅಗ್ನಿಶಾಮಕದವರು, ಹಬ್ಬದ ಸುಂದರಿ ಆಗಿ ಆಯ್ಕೆಯಾದ ಸಕ್ಕರೆ ಕಾರ್ಖಾನೆಯ ಲೆಕ್ಕ ಬರೆಯುವ ಹುಡುಗಿ, ಎಲ್ಲರೂ ಸಾಲಾಗಿ ನಿಂತಿದ್ದರು. ನೆವಿಲ್ ಲಾರಿ ಹತ್ತುವಾಗ ಚಪ್ಪಾಳೆ ಬಿತ್ತು. ಅವನ ಕಾಲು ನಡುಗಿದ್ದನ್ನು ಮರ್ವ್ ಎಂಜಿನ್ನಿನ ಕಂಪನ ಪರೀಕ್ಷಿಸುತ್ತಿರುವುದು ಎಂದು ಅಕ್ಕಪಕ್ಕದವರಿಗೆ ವಿವರಿಸಿದ. ಎಂಜಿನ್ ಇನ್ನೂ ಶುರುವಾಗಿರಲಿಲ್ಲ.

ಮೊದಲನೆಯ ಸಲ ಏಡಿ ನೇರ ಕ್ಷೌರದಂಗಡಿಗೆ ಹೊರಟಿತು. ಅದರ ಎಡಗೊಂಡಿ ಬಾಗಿಲಿಗೆ ತೂಗುಹಾಕಿದ್ದ 'ತೆರೆದಿದೆ' ಎಂಬ ಫಲಕವನ್ನು ನಾಜೂಕಾಗಿ ಬಿಡಿಸಿಕೊಂಡಿತು. ಒಳಗೆ ತಲೆಗೆ ಬಣ್ಣ ಹಚ್ಚಿಸಿಕೊಂಡು ಕೂತಿದ್ದ ಹೆಂಗಸು ಕನ್ನಡಿಯಲ್ಲಿ ತನ್ನ ಹಿಂದೆ ಏಡಿ ಬರುತ್ತಿರುವುದನ್ನು ಕಂಡು, ಬಣ್ಣದ ತಲೆಯಲ್ಲೇ ಬೀದಿಗೆ ಓಡಿಬಂದಳು. ಜನ ಮೆಚ್ಚಿ ಪಿಸುಗುಟ್ಟಿದರು. ಅಳತೆ ನೋಡುತ್ತಿದ್ದಾನೆ ಅಂದ ಮರ್ವ್. ಎರಡನೆಯ ಸಲ ಏಡಿ ಇನ್ನೊಂದು ಕಡೆ ಸೊಂಟ ತಿರುಗಿಸಿ ಮೇಯರ್‌ನ ವೇದಿಕೆಗೆ ಹೊರಟಿತು. ಭಾಷಣದ ಹಾಳೆ ಹಿಡಿದಿದ್ದ ಮೇಯರ್ ಕುರ್ಚಿ ಸಮೇತ ಎರಡು ಹೆಜ್ಜೆ ಸರಿದ, ಆಮೇಲೆ ಕುರ್ಚಿ ಬಿಟ್ಟು ಸರಿದ. ಕುರ್ಚಿ ಲಟಕ್ಕೆಂದಿತು.

ನೆವಿಲ್ ಕನ್ನಡಿಯಲ್ಲಿ ನೋಡಿದ. ಕನ್ನಡಿ ತುಂಬ ಏಡಿಯ ಮುಖ. ಅದರ ಅಂಚಿನಲ್ಲಿ, ಜನರ ನಡುವೆ, ಬೇಕರಿಯ ಮೆಟ್ಟಿಲ ಮೇಲೆ ಗ್ಲೆನಿಸ್ ನಿಂತಿದ್ದಳು. ಏನನ್ನೂ ಹಿಡಿದುಕೊಳ್ಳದೆ, ತನ್ನೆರಡು ಕಾಲಿನ ಮೇಲೆ ನಿಂತಿದ್ದಳು. ಇನ್ನೊಂದು ಸಲ ತಿರುಗಿಸಿದರೆ ಏಡಿ ಹೋಗುವುದು ಆ ಮೆಟ್ಟಿಲ ಕಡೆಗೋ ಬೇರೆ ಕಡೆಗೋ ಅವನಿಗೇ ತಿಳಿಯಲಿಲ್ಲ. ನೆವಿಲ್ ಎಂಜಿನ್ ಆರಿಸಿ ಕೆಳಗಿಳಿದ. ಮೇಯರ್‌ನ ಕೈಯಿಂದ ಮೈಕು ತೆಗೆದುಕೊಂಡ.

"ನಂಗೆ ಬರಲ್ಲ," ಅಂದ. "ನಾನು ಲಾರಿ ಓಡಿಸಿದೋನಲ್ಲ. ಮೂವತ್ತೊಂದು ವರ್ಷ ಕುರ್ಚಿ ಮೇಲೆ ಕೂತು ಪರ್ಮಿಟ್ಟಿಗೆ ಠಸ್ಸೆ ಒತ್ತಿದೋನು. ಆವತ್ತು ಬಡಾಯಿ ಕೊಚ್ಚಿದೆ. ಕ್ಷಮಿಸಿ."

ನೆವಿಲ್ ಕಲ್ಲೇಟಿಗೆ ಸಿದ್ಧನಾಗಿ ನಿಂತ. ಅಷ್ಟರಲ್ಲಿ ಮರ್ವ್‌ನ ದನಿ ಕೇಳಿಸಿತು: "ಲಾರಿದು ಸ್ಟೇರಿಂಗ್ ಸರಿಯಿಲ್ಲ. ಕೌನ್ಸಿಲ್ ಮರ್ಯಾದೆ ಉಳಿಸೋಕೆ ತಪ್ಪು ತನ್ನ ಮೇಲೆ ಹಾಕ್ಕೋತಿದಾನೆ." ಬೀದಿಯುದ್ದಕ್ಕೂ ಚಪ್ಪಾಳೆ ಭೋರ್ಗರೆಯಿತು. ಅಗ್ನಿಶಾಮಕದವನೊಬ್ಬ ಕಣ್ಣೊರೆಸಿಕೊಂಡ. ನೆವಿಲ್ ತನ್ನ ಹೆಬ್ಬೆರಳು ಎತ್ತಿ, ಠಸ್ಸೆ ಒತ್ತಿ ಒತ್ತಿ ಚಪ್ಪಟೆಯಾದ ಜಾಗ ತೋರಿಸಿದ. ಜನರೂ ಹೆಬ್ಬೆರಳು ಎತ್ತಿ ತೋರಿಸಿದರು.

ಅವನ ಮಾತು ನಂಬಿದ್ದು ಒಬ್ಬಳೇ. ಗ್ಲೆನಿಸ್ ಬೇಕರಿಯ ಮೆಟ್ಟಿಲನ್ನು ಮುಮ್ಮುಖವಾಗಿಯೇ ಇಳಿದು, ಜನರನ್ನು ಸರಿಸಿಕೊಂಡು ಬಂದು, ತನ್ನ ಕೈಚೀಲ ಬಿಚ್ಚಿ ಕನ್ನಡಕ ತೆಗೆದು ಹಾಕಿಕೊಂಡಳು.

"ಇದನ್ನ ಹಿಡ್ಕೋ," ಎಂದು ಚೀಲ ಅವನಿಗೆ ಕೊಟ್ಟಳು. ಲಾರಿ ಹತ್ತಿ, ಸೀಟು ಮುಂದಕ್ಕೆ ಎಳೆದುಕೊಂಡು, ಕನ್ನಡಿ ಎರಡು ಬೆರಳಿನಷ್ಟು ಸರಿಪಡಿಸಿದಳು.

ಆಮೇಲೆ ನಡೆದದ್ದನ್ನು ವಿಸ್ತರಿಸಿ ಹೇಳಲು ಏನೂ ಇಲ್ಲ, ಅಷ್ಟು ಬೇಗ ಮುಗಿಯಿತು. ಲಾರಿ ಒಂದು ಮಾರು ಮುಂದೆ ಬಂತು, ನೇರವಾಯಿತು, ಹಿಂದಕ್ಕೆ ಹೊರಟಿತು. ಬೇಕರಿಯ ಕಡೆ ಒಂದು ಗೇಣು, ಕ್ಷೌರದಂಗಡಿಯ ಕಡೆ ಒಂದು ಗೇಣು ಬಿಟ್ಟುಕೊಂಡು ಏಡಿ, ತನ್ನ ಬಿಲಕ್ಕೆ ತಾನೇ ಹೊರಟಂತೆ, 'ತೆರೆದಿದೆ' ಎಂಬ ಫಲಕ ಹಿಡಿದುಕೊಂಡೇ ಓಣಿಯೊಳಗೆ ಸೇರಿ ಕಟ್ಟೆಯ ಮುಂದೆ ನಿಂತಿತು. ಬ್ಯಾಂಡಿನವರು ಬಾರಿಸುವುದನ್ನು ಮರೆತರು.

ಮೇಯರ್ ಓಡಿಹೋಗಿ ಬಾಗಿಲು ತೆರೆದು ಹಿಡಿದ. "ಇದನ್ನ ಮೊದಲು ಮಾಡಿದೀರಾ, ಅಮ್ಮಾ?"

"ಅಪ್ಪನ ಹೊಲದಲ್ಲಿ," ಅಂದಳು ಗ್ಲೆನಿಸ್. "ಸ್ವಲ್ಪ."

ಸುತ್ತ ನಿಂತ ಗಂಡಸರೆಲ್ಲ ಒಬ್ಬೊಬ್ಬರಾಗಿ ಟೋಪಿ ತೆಗೆದರು. ಕೈಚೀಲ ಎದೆಗವಚಿಕೊಂಡು ನಿಂತಿದ್ದ ನೆವಿಲ್‌ಗೆ ಆ ಪದ ಆಗ ಕಿವಿಗೆ ಬಿತ್ತು. ಅವತ್ತು ಜಲಪಾತದ ದಾರಿಯಲ್ಲಿ, ಕಾರಿನಲ್ಲಿ ಬಿದ್ದದ್ದೂ ಇದೇ ಪದ. ಇಡೀ ಊರಿಗೆ ಒಂದೇ ಸಲಕ್ಕೆ ತೂಕ ತಿಳಿದ ಆ ಪದ ಅವನಿಗೆ ಮಾತ್ರ, ಅದೂ ಕಟ್ಟಿಕೊಂಡ ಹೆಂಡತಿಯ ಬಾಯಿಂದ ಬಂದದ್ದು, ಅಕ್ಷರಶಃ ಸ್ವಲ್ಪ ಎಂದು ಕೇಳಿಸಿತ್ತು. ಅವನಿಗೆ ನಾಚಿಕೆಯಾಯಿತು. ಏಡಿಯ ವಿಷಯಕ್ಕಲ್ಲ.

ಪಾರ್ಕಿಗೆ ವಾಪಸ್ಸು ನಡೆಯುವಾಗ, ಸ್ವಲ್ಪ ಅಂದರೆ ಎಷ್ಟು ಎಂದು ಕೇಳಿದ. ಹದಿನಾಲ್ಕನೇ ವಯಸ್ಸಿನಿಂದ ಮದುವೆಯವರೆಗೆ, ಹನ್ನೊಂದು ಸುಗ್ಗಿ, ಗೋಧಿ ತುಂಬಿದ ಜೋಡಿ ಟ್ರೇಲರ್, ದಿನಕ್ಕೆ ಏಳೆಂಟು ಸಲ ಕಣಜದೊಳಗೆ ಎಂದಳು. ಅಪ್ಪನಿಗೆ ಬರುತ್ತಿರಲಿಲ್ಲವಂತೆ.

"ನಂಗ್ಯಾಕೆ ಹೇಳ್ಲಿಲ್ಲ?" ಅಂದ ನೆವಿಲ್.

"ಹೇಳಿದ್ನಲ್ಲ," ಅಂದಳು.

ಆ ಮಧ್ಯಾಹ್ನ ಬ್ಯಾಂಡಿನ ಸಮೇತ ಇಡೀ ಪಾರ್ಕು ನೋಡುತ್ತಿದ್ದಂತೆ ಕ್ಯಾರವಾನ್ ಏಳನೇ ನಂಬರಿಗೆ ಹೋಗಿ ಕೂತಿತು. ಡೆಸ್ಲಿ ಇಬ್ಬರನ್ನೂ ಬಂಗಾರ ಎಂದಳು, ಆದರೆ ಒಂದು ಬಂಗಾರಕ್ಕೆ ಹೆಚ್ಚು ಒತ್ತು ಕೊಟ್ಟಳು. ನೆವಿಲ್ ಹಿಂದೆ ನಿಂತು ಎರಡೂ ಕೈ ಬೀಸುತ್ತ, ಬಾ ಬಾ, ಎಡಕ್ಕೆ, ಸಾಕು, ಎಂದು ದಾರಿ ತೋರಿಸಿದ. ಗ್ಲೆನಿಸ್ ಅವನ ಕಡೆ ಒಂದು ಸಲವೂ ನೋಡಲಿಲ್ಲ.

ಐದು ಗಂಟೆಗೆ ಕುರ್ಚಿಗಳು ಏಳನೇ ನಂಬರಿನ ಮುಂದೆಯೇ ಬಂದವು. ಮರ್ವ್ ಅಷ್ಟರಲ್ಲಿ ಹೊಸ ಸಿದ್ಧಾಂತ ಕಟ್ಟಿಕೊಂಡಿದ್ದ. ಹೆಂಡತಿಯನ್ನೇ ಇಷ್ಟು ಚೆನ್ನಾಗಿ ತಯಾರು ಮಾಡಿದವನು ತಾನು ಇನ್ನೆಷ್ಟು ದೊಡ್ಡ ಗುರುವಿರಬೇಕು ಎಂದು ಎಲ್ಲರಿಗೂ ಹೇಳಿ, ನೆವಿಲ್‌ನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡ. ಗ್ಲೆನಿಸ್ ಆಗ ಮರಳಿನ ಮೇಲೆ ಬರಿಗಾಲಲ್ಲಿ ಬಹಳ ದೂರ ಹೋಗಿದ್ದಳು.

"ನಿಜ ಹೇಳು ಮಾರಾಯ. ಅವಳ ರಿವರ್ಸ್‌ನಲ್ಲಿ ನಿನ್ನ ಪಾತ್ರ ಎಷ್ಟು?"

ನೆವಿಲ್ ಈ ಸಲ ಒರಗಲಿಲ್ಲ. ಕುರ್ಚಿಯಲ್ಲಿ ನೆಟ್ಟಗೆ ಕೂತು, ದೂರದಲ್ಲಿ ಕಾಣುತ್ತಿದ್ದ ಹೆಂಡತಿಯ ಟೋಪಿಯನ್ನು ನೋಡಿದ.

"ದಾರಿಗೆ ಸ್ವಲ್ಪ ಅಡ್ಡ ನಿಂತಿದ್ದೆ," ಅಂದ.

ಮರ್ವ್ ಸಾಕ್ಸ್‌ಗೆ ಹಾಕಿದ ಕೈಯನ್ನು ಹಾಗೇ ನಿಲ್ಲಿಸಿದ. ಜೀವನದಲ್ಲಿ ಬಹುಶಃ ಮೊದಲ ಸಲ ಒಂದು ಪದದ ಅಳತೆಯನ್ನು ಸರಿಯಾಗಿ ಹಿಡಿದು, ಸಿದ್ಧಾಂತ ಏನೂ ಕಟ್ಟದೆ ನೆವಿಲ್‌ನ ಕೈಗೆ ಇನ್ನೊಂದು ತಣ್ಣನೆಯ ಕ್ಯಾನು ಕೊಟ್ಟ.